ಬಾಚಣಿಗೆಗೂ ನಾಲ್ಕು ಸಾಲು ಜಾಗ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ವಾರದ ಪುರವಣಿಯಲ್ಲಿ ಕೂದಲ ಆರೈಕೆಗೆ ಇಡೀ ಒಂದು ಪುಟ ಕೊಟ್ಟಿದ್ದೀರಿ. ಯಾವ ಎಣ್ಣೆ, ಎಂಥ ಶಾಂಪೂ, ವಾರಕ್ಕೆ ಎಷ್ಟು ಸಲ ತಲೆಸ್ನಾನ, ಎಲ್ಲವೂ ಇತ್ತು. ದಿನಾ ತಲೆಗೆ ತಾಗುವ ಬಾಚಣಿಗೆ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ.

ನನಗೂ ಐವತ್ತಾರು ವರ್ಷದವರೆಗೆ ಅದು ಹೊಳೆದಿರಲಿಲ್ಲ. ಹಲ್ಲಿಗೆ ಸುತ್ತಿಕೊಂಡ ಕೂದಲನ್ನು ಎಳೆದು ಬಿಸಾಡಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆದರೆ ತಲೆ ತೊಳೆದು, ಒಣಗಿಸಿ, ಬ್ರಷ್ ಆಡಿಸಿದ ಮೇಲೆ ಕಪ್ಪು ಶಾಲಿನ ಮೇಲೆ ಬೂದುಬಣ್ಣದ ಪುಡಿ ಉದುರುತ್ತಿತ್ತು. ಹೊಟ್ಟು ಇರಬೇಕು ಅಂತ ಎರಡು ಶಾಂಪೂ ಬದಲಾಯಿಸಿದೆ. ಕೊನೆಗೆ ಮಗಳು ನನ್ನ ಬ್ರಷ್ಷನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅಮ್ಮಾ, ಇದು ನಿನ್ನ ತಲೆಯದ್ದಲ್ಲ, ಇದರದ್ದು" ಅಂದಳು. ಬುಡದಲ್ಲಿ ಹತ್ತಿಯ ಹಾಸಿನ ಹಾಗೆ ಕೂತಿತ್ತು. ಉದುರಿದ ಕೂದಲು, ನೆತ್ತಿಯ ಸತ್ತ ಚರ್ಮ, ಜಿಡ್ಡು, ಧೂಳು, ಎಲ್ಲ ಸೇರಿ ಒಂದೇ ಮುದ್ದೆ. ಹೊಟ್ಟಿಗೆ ಬ್ರಷ್ಷೇ ಕಾರಣ ಅಂತ ನಾನು ಹೇಳುತ್ತಿಲ್ಲ, ಅದರ ಕಾರಣಗಳು ಬೇರೆ. ಆದರೆ ಆಗಷ್ಟೇ ತೊಳೆದ ಕೂದಲಿಗೆ ತಿಂಗಳುಗಟ್ಟಲೆ ಹಳೆಯ ಜಿಡ್ಡನ್ನು ನಾನೇ ಬಳಿದುಕೊಳ್ಳುತ್ತಿದ್ದೆ! ಆರೋಗ್ಯವಾಗಿರುವವರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವಂತೆ. ಅರ್ಧದಷ್ಟು ಬ್ರಷ್ಷಿಗೆ ಸಿಕ್ಕರೂ ತಿಂಗಳಿಗೆ ಹತ್ತಿರ ಹತ್ತಿರ ಸಾವಿರ.

ಅವತ್ತೇ ಉತ್ಸಾಹ ಬಂತು ನೋಡಿ. ಮನೆಯ ಬಾಚಣಿಗೆ, ಬ್ರಷ್ ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕಿ, ಬಿಸಿನೀರು ಸುರಿದು, ರಾತ್ರಿಯಿಡೀ ನೆನೆಸಿಟ್ಟೆ. ಪ್ಲಾಸ್ಟಿಕ್ಕಿನವು ಬಚಾವಾದವು. ಮರದ ಬಾಚಣಿಗೆ ನೀರು ಕುಡಿದು ಉಬ್ಬಿತು, ಒಣಗುವಾಗ ಸೊಟ್ಟಗಾಗಿ ಎರಡು ಹಲ್ಲು ಬಿರುಕು ಬಿಟ್ಟವು. ಮೆತ್ತೆ ಇರುವ ಬ್ರಷ್ಷಿನ ಕಥೆ ಇನ್ನೂ ಚೆನ್ನಾಗಿದೆ. ಅದರ ರಬ್ಬರ್ ಮೆತ್ತೆಯಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ. ಒತ್ತಿದಾಗ ಗಾಳಿ ಹೊರಗೆ ಹೋಗಲಿ, ಬಿಟ್ಟಾಗ ಒಳಗೆ ಬರಲಿ ಅಂತ. ಆ ತೂತಿನಿಂದ ಒಳಗೆ ಹೋದ ನೀರು ಅಲ್ಲೇ ಉಳಿಯಿತು. ವಾರದ ಮೇಲೆ ತಲೆಗೆ ಒತ್ತಿದರೆ 'ಪಚಕ್' ಅಂತ ನಾರುವ ನೀರು! ಎರಡೂ ಕಸಕ್ಕೆ ಹೋದವು.

ಈಗ ಬುದ್ಧಿ ಬಂದಿದೆ. ವಾರಕ್ಕೊಮ್ಮೆ ಕೂದಲು ತೆಗೆಯುತ್ತೇನೆ. ಗಟ್ಟಿಯಾಗಿ ಸುತ್ತಿದ್ದರೆ ಸಾಲುಗಳ ನಡುವೆ ಸಣ್ಣ ಕತ್ತರಿ ಆಡಿಸಿದರೆ ಸಲೀಸಾಗಿ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ತೊಳೆಯುವುದು. ಎಣ್ಣೆ ಜಾಸ್ತಿ ಹಚ್ಚುವವರು ಇನ್ನೂ ಬೇಗ ತೊಳೆಯಬೇಕಾದೀತು. ಉಗುರುಬೆಚ್ಚಗಿನ ನೀರಿಗೆ ಒಂದಿಷ್ಟು ಶಾಂಪೂ ಸಾಕು, ತಲೆಯ ಜಿಡ್ಡು ತೆಗೆಯಲೆಂದೇ ಅದು ಇರುವುದು ತಾನೇ? ಪ್ಲಾಸ್ಟಿಕ್ ಬಾಚಣಿಗೆಯನ್ನು ಕಾಲು ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಹಲ್ಲಿನ ಸಂದಿ ಉಜ್ಜುತ್ತೇನೆ. ಮೆತ್ತೆಯ ಬ್ರಷ್ಷನ್ನು ಮುಳುಗಿಸುವುದಿಲ್ಲ. ಎಳೆಗಳನ್ನಷ್ಟೇ ಉಜ್ಜಿ, ಮುಖ ಕೆಳಗೆ ಮಾಡಿ ತೊಳೆದು, ಟವೆಲ್ ಮೇಲೆ ಹಾಗೇ ಬೋರಲು ಹಾಕುತ್ತೇನೆ. ಮರದ್ದಕ್ಕೆ ಒದ್ದೆ ಬಟ್ಟೆಯೇ ಗತಿ, ಒರೆಸಿ ಕೂಡಲೇ ಒಣಗಿಸಬೇಕು.

ಮನೆಗೆಲ್ಲ ಒಂದೇ ಬಾಚಣಿಗೆ ಇದ್ದರೆ ಇನ್ನೊಂದು ಫಜೀತಿ. ಮಕ್ಕಳ ತಲೆಗೆ ಬರುವ ಹುಳುಕಡ್ಡಿ ಬಾಚಣಿಗೆಯಿಂದಲೂ ಹರಡುತ್ತದೆ. ಹೇನು ಹೆಚ್ಚಾಗಿ ಹರಡುವುದು ತಲೆಗೆ ತಲೆ ತಾಗಿಯೇ. ತಲೆ ಬಿಟ್ಟ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ಆದರೂ ಹೇನು ಕಂಡ ಮನೆಯಲ್ಲಿ ಬಾಚಣಿಗೆಯನ್ನು 54 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿಲ್ಲದ ಬಿಸಿನೀರಲ್ಲಿ ಐದರಿಂದ ಹತ್ತು ನಿಮಿಷ ಇಡಬೇಕು. ಕೈ ಇಡಲಾಗದಷ್ಟು ಬಿಸಿ ಅದು, ಹುಷಾರು.

ಹೇನಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಇಸ್ರೇಲಿನ ಲಾಕೀಶ್‌ನಲ್ಲಿ ಸುಮಾರು 3,700 ವರ್ಷ ಹಿಂದಿನ ಪುಟ್ಟ ದಂತದ ಬಾಚಣಿಗೆ ಸಿಕ್ಕಿತ್ತು. ಅದರ ಮೇಲಿನ ಅಕ್ಷರಗಳಲ್ಲಿ ಏನಿದೆ ಅಂತ 2022ರಲ್ಲಿ ಪ್ರಕಟಿಸಿದರು. ಕೂದಲಿನ, ಗಡ್ಡದ ಹೇನನ್ನು ಈ ದಂತ ಕಿತ್ತುಹಾಕಲಿ ಅನ್ನುವ ಹಾರೈಕೆ ಅದು. ಅದರ ಹಲ್ಲಲ್ಲಿ ಹೇನಿನ ಚೂರೂ ಸಿಕ್ಕಿತಂತೆ. ಆ ಪುಣ್ಯಾತ್ಮರೂ ತೊಳೆದಿರಲಿಲ್ಲ!

ನಮ್ಮ ಮನೆಯಲ್ಲಿ ತೊಳೆದ ನೀರು ಎಲ್ಲಕ್ಕಿಂತ ಕಪ್ಪಗಾಗಿದ್ದು ಯಜಮಾನರ ಜೇಬಿನ ಬಾಚಣಿಗೆಯಿಂದ. ಅವರ ತಲೆಯಲ್ಲಿ ಈಗ ಬೆರಳೆಣಿಕೆಯಷ್ಟೇ ಕೂದಲು.

ಮುಂದಿನ ಸಲ ಎಣ್ಣೆಗಳ ಪಟ್ಟಿಯಿಂದ ಒಂದೆರಡು ಹೆಸರು ಕಡಿಮೆ ಮಾಡಿಯಾದರೂ ಬಾಚಣಿಗೆಗೆ ನಾಲ್ಕು ಸಾಲು ಜಾಗ ಕೊಡಿ.

– ಪುರವಣಿಯ ಹಳೆಯ ಓದುಗಿ