ಸೂಜಿ ಚುಚ್ಚಿದ ಮೇಲೆ ಕೊಟ್ಟ ರಕ್ತ

ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ರಿಪೋರ್ಟ್ ನೋಡಿದೆ. ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಗ್ರಂಥಿಯ ಒಂದು ಪ್ರೋಟೀನ್) ಅಂಕಿ ಜಾಸ್ತಿ ಬಂದು ಕೆಂಪಾಗಿದೆ ಅಂತ ಊಟ ಬಿಟ್ಟು ಕೂತಿದ್ದೀಯಂತೆ. ಇಷ್ಟು ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದವಳು ನಾನು. ಇದೊಂದು ವಿಷಯದಲ್ಲಾದರೂ ಗೂಗಲ್ ಬಿಟ್ಟು ಅಮ್ಮನ ಮಾತು ಕೇಳು.

ಮೊದಲು ತಾರೀಖು ನೋಡು. ಕತ್ತಿನ ಥೈರಾಯ್ಡ್ ಗಂಟಿಗೆ ಎಫ್‌ಎನ್‌ಎಸಿ, ಅಂದರೆ ತೆಳು ಸೂಜಿ ಚುಚ್ಚಿ ಕೋಶ ತೆಗೆಯುವ ಪರೀಕ್ಷೆ, ಮಾಡಿಸಿದ್ದು ಸೋಮವಾರ. ಈ ಹೆಲ್ತ್ ಚೆಕಪ್ ಪ್ಯಾಕೇಜಿಗೆ ರಕ್ತ ಕೊಟ್ಟಿದ್ದು ಬುಧವಾರ. ಅಂಕಿ ಏರದೆ ಇನ್ನೇನಾಗುತ್ತೆ?

ಥೈರಾಯ್ಡ್ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿರುತ್ತವೆ. ಅವುಗಳ ತುಂಬ ಅಂಟಾದ ದ್ರವ. ಅದರಲ್ಲಿ ಜಾಸ್ತಿ ಇರುವುದೇ ಥೈರೋಗ್ಲೋಬ್ಯುಲಿನ್. ಹಾರ್ಮೋನ್ ತಯಾರಾಗುವುದೂ, ದಾಸ್ತಾನಾಗುವುದೂ ಈ ಪ್ರೋಟೀನಿನಲ್ಲೇ. ಸೂಜಿ 25 ಗೇಜಿನಷ್ಟು ತೆಳುವಾದದ್ದೇ ಇರಲಿ, ಕೋಶ ತೆಗೆಯಲು ಹಿಂದೆ ಮುಂದೆ ಆಡಿಸುವಾಗ ಕೆಲವು ಚೀಲ ಒಡೆಯುತ್ತವೆ. ಒಳಗಿದ್ದದ್ದು ರಕ್ತಕ್ಕೆ ಸೇರುತ್ತದೆ. ಕೆಲವೇ ಗಂಟೆಗಳಲ್ಲಿ ಅಂಕಿ ಏರುತ್ತದೆ, ಕೆಲವರಲ್ಲಿ ಸ್ವಲ್ಪ, ಕೆಲವರಲ್ಲಿ ಹಲವು ಪಟ್ಟು. ಆಮೇಲೆ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ಇನ್ನೊಂದು ಮಾತು. ಗಂಟು ಕ್ಯಾನ್ಸರ್ ಹೌದೋ ಅಲ್ವೋ ಅಂತ ತಿಳಿಯಲು ಈ ಟೆಸ್ಟ್ ಕೆಲಸಕ್ಕೆ ಬರುವುದಿಲ್ಲ. ಗ್ರಂಥಿ ಸುಮ್ನೆ ದೊಡ್ಡದಾಗಿದ್ದರೂ, ಊದಿಕೊಂಡಿದ್ದರೂ ಇದು ಏರುತ್ತದೆ. ಇದು ನಿಜವಾಗಿ ಬೇಕಾಗುವುದು ಕ್ಯಾನ್ಸರಿಗಾಗಿ ಥೈರಾಯ್ಡ್ ತೆಗೆದವರಿಗೆ, ಕಾಯಿಲೆ ಮರಳಿದೆಯೇ ಅಂತ ನೋಡಲು. ಪ್ಯಾಕೇಜಿನಲ್ಲಿ ಎಲ್ಲರಿಗೂ ಇದನ್ನು ತುರುಕಿ ಹೆದರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿನ್ನ ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅನ್ನುವ ಹಾರ್ಮೋನ್), ಟಿ3, ಟಿ4 (ಥೈರಾಯ್ಡಿನ ಹಾರ್ಮೋನ್‌ಗಳು) ನೋಡು, ಎಲ್ಲ ಸರಿಯಾಗಿವೆ. ಸೂಜಿಯಿಂದ ಸಾಮಾನ್ಯವಾಗಿ ಇವು ಅಲುಗಾಡುವುದಿಲ್ಲ. ತೀರಾ ಅಪರೂಪಕ್ಕೆ ಹಾರ್ಮೋನ್ ಸೋರಿ, ಕೆಲವು ದಿನ ಎದೆ ಡವಡವ ಅನ್ನುವುದು, ಕೈ ನಡುಗುವುದು ಆಗಬಹುದು. ಹಾಗಾದರೆ ಡಾಕ್ಟರಿಗೆ ಹೇಳು. ಕತ್ತು ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಮಾತ್ರ ಫೋನು ಗೀನು ಬೇಡ, ನೇರ ಆಸ್ಪತ್ರೆಗೆ ಹೋಗು.

ಕೂದಲು ಉದುರುತ್ತೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ನುಂಗುತ್ತಿದ್ದೀಯಲ್ಲ, ಅದರ ಬಗ್ಗೆಯೂ ಹುಷಾರಾಗಿರು. ಕೆಲವು ಲ್ಯಾಬ್ ಮೆಷಿನ್‌ಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ, ಟಿ4 ಅನ್ನು ಸುಳ್ಳೇ ಜಾಸ್ತಿ ತೋರಿಸುತ್ತದೆ. ಥೈರೋಗ್ಲೋಬ್ಯುಲಿನ್ ಲೆಕ್ಕವನ್ನೂ ಕೆಡಿಸಬಹುದು. ಮುಂದಿನ ಸಲ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸು. ತುಂಬ ದೊಡ್ಡ ಡೋಸ್ ಆಗಿದ್ದರೆ ಇನ್ನೂ ಮುಂಚೆ.

ಟಿಎಸ್‌ಎಚ್ ಅನ್ನು ಸೂಜಿಗೆ ಮೊದಲೇ ಮಾಡಿಸಿದ್ದು ಯಾಕೆ ಅಂತ ನೀನು ಕೇಳಿದ್ದೆಯಲ್ಲ. ಅದು ಕಡಿಮೆ ಬಂದಿದ್ದರೆ, ಗಂಟೇ ಹಾರ್ಮೋನ್ ಸುರಿಸುತ್ತಿದೆಯೇ ಅಂತ ನೋಡಲು ಮೊದಲು ಥೈರಾಯ್ಡ್ ಸ್ಕ್ಯಾನ್ ಮಾಡುತ್ತಿದ್ದರು. ತಾನೇ ಹಾರ್ಮೋನ್ ಸುರಿಸುವ ಗಂಟು ಕ್ಯಾನ್ಸರ್ ಆಗಿರುವುದು ಅಪರೂಪ, ಅದಕ್ಕೆ ಸಾಮಾನ್ಯವಾಗಿ ಸೂಜಿಯೇ ಬೇಕಾಗುವುದಿಲ್ಲ.

ಈಗ ಕಾಯಬೇಕಾದದ್ದು ಎಫ್‌ಎನ್‌ಎಸಿ ರಿಪೋರ್ಟಿಗೆ. ಅದರಲ್ಲಿ ಬೆಥೆಸ್ಡಾ ಅಂತ 1ರಿಂದ 6ರವರೆಗೆ ಒಂದು ಅಂಕಿ ಇರುತ್ತದೆ. 2 ಅಂದರೆ ಸಾಧು ಗಂಟು, ಕ್ಯಾನ್ಸರ್ ಅಲ್ಲದ್ದು. 1 ಬಂದರೆ ಕೋಶ ಸಾಕಷ್ಟು ಸಿಗಲಿಲ್ಲ ಅಂತಷ್ಟೇ, ಮತ್ತೆ ಚುಚ್ಚಬೇಕಾಗಬಹುದು. ಬಂದ ಕೂಡಲೇ ಫೋಟೋ ಕಳಿಸು. ಥೈರೋಗ್ಲೋಬ್ಯುಲಿನ್ ಮತ್ತೆ ಮಾಡಿಸಲೇಬೇಕು ಅಂದರೆ ಒಂದು ತಿಂಗಳಾದರೂ ಬಿಟ್ಟು ಮಾಡಿಸು. ಫಾರ್ಮಿನ ಮೇಲೆ ಎಫ್‌ಎನ್‌ಎಸಿ ಆದ ತಾರೀಖು ಬರೆಸು.

ಇಂತಿ ನಿನ್ನ
ಅಮ್ಮ