ಮಣ್ಣಿನ ಅಮೈನೋ ಆಮ್ಲಗಳ ಸಾರಜನಕ ಅಳತೆ: ಮುಂದಿನ ಬ್ಯಾಚ್‌ನಿಂದ ವಿಧಾನ ಬದಲು

ನಮಸ್ಕಾರ,

ಸ್ಯಾಂಪಲ್ ಕಳಿಸಿ ರಿಪೋರ್ಟ್‌ಗೆ ಕಾಯುತ್ತಿರುವವರು ಮೊದಲು ಇದನ್ನು ಓದಿಬಿಡಿ. ಮಣ್ಣಿನ ಅಮೈನೋ ಆಮ್ಲಗಳಲ್ಲಿ ಹಗುರ ಸಾರಜನಕಕ್ಕೆ (14ಎನ್) ಹೋಲಿಸಿದರೆ ಭಾರ ಸಾರಜನಕ (15ಎನ್) ಎಷ್ಟಿದೆ ಅಂತ ನಾವು ಅಳೆಯುತ್ತೇವಲ್ಲ, ಮುಂದಿನ ಬ್ಯಾಚ್‌ನಿಂದ ಅವನ್ನು ಟ್ರೈಫ್ಲೋರೋಅಸಿಟೈಲ್ ರೂಪದಲ್ಲಿ ಅಳೆಯುವುದನ್ನು ನಿಲ್ಲಿಸುತ್ತಿದ್ದೇವೆ. ಅದರ ಬದಲು ಅಸಿಟೈಲ್ ಐಸೊಪ್ರೊಪೈಲ್ ಎಸ್ಟರ್ ಬರುತ್ತದೆ. ಹೆಸರು ಉದ್ದ, ವಿಷಯ ಚಿಕ್ಕದು: ನಮಗೆ ಫ್ಲೋರಿನ್ ಬೇಡವಾಗಿದೆ.

ಕಾರಣ ಹೇಳುತ್ತೇವೆ. ಅಮೈನೋ ಆಮ್ಲ ಇದ್ದ ಹಾಗೇ ಆವಿಯಾಗುವುದಿಲ್ಲ, ಕಾಯಿಸಿದರೆ ಕರಕಲಾಗುತ್ತದೆ. ಆವಿಯನ್ನು ಉದ್ದ ಕೊಳವೆಯಲ್ಲಿ (ಕಾಲಮ್) ಹಾಯಿಸಿ ಒಂದೊಂದನ್ನೇ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಲ್ಲಿ ಓಡಬೇಕಾದರೆ ಅದರ ಎರಡೂ ತುದಿಗೆ ಟೋಪಿ, ಅಂದರೆ ಒಂದು ಚಿಕ್ಕ ರಾಸಾಯನಿಕ ಗುಂಪು, ಹಾಕಬೇಕು. ಇಷ್ಟು ದಿನ ಒಂದು ಟೋಪಿಯಲ್ಲಿ ಮೂರು ಫ್ಲೋರಿನ್ ಪರಮಾಣು ಇರುತ್ತಿತ್ತು. ಕಾಲಮ್‌ನಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ತೊಂದರೆ ಶುರುವಾಗುವುದು ಆಮೇಲೆ, ಅಮೈನೋ ಆಮ್ಲವನ್ನು ಸುಟ್ಟು ಸಾರಜನಕ ಅನಿಲ ಮಾಡುವ ಕೊಳವೆಯಲ್ಲಿ. ಸುಮಾರು ಸಾವಿರ ಡಿಗ್ರಿಯಲ್ಲಿ ಕಾಯುವ ಸಪೂರ ಸೆರಾಮಿಕ್ ಕೊಳವೆ ಅದು, ಒಳಗೆ ತಾಮ್ರ, ನಿಕಲ್, ಪ್ಲಾಟಿನಂ ತಂತಿಗಳು. ಫ್ಲೋರಿನ್ ಹೋಗಿ ತಾಮ್ರ, ನಿಕಲ್‌ಗೆ ಅಂಟಿಕೊಳ್ಳುತ್ತದೆ, ಆಮ್ಲಜನಕ ಹಾಯಿಸಿದರೂ ಸುಲಭಕ್ಕೆ ಬಿಡುವುದಿಲ್ಲ. ತಂತಿ ಸೋತರೆ ಸುಡುವುದು ಅರೆಬರೆಯಾಗುತ್ತದೆ.

ನಮಗೆ ಇದು ಗೊತ್ತಾಗಿದ್ದು ಸ್ಟ್ಯಾಂಡರ್ಡ್ ಮಿಶ್ರಣದಿಂದ. ಅದರಲ್ಲಿರುವ ಪ್ರತಿ ಅಮೈನೋ ಆಮ್ಲವನ್ನೂ ಮೊದಲೇ ಒಂಟಿಯಾಗಿ ಅಳೆದಿಟ್ಟಿರುತ್ತೇವೆ, ಹಾಗಾಗಿ ಉತ್ತರ ಎಷ್ಟು ಬರಬೇಕು ಅಂತ ಗೊತ್ತು. ಬೆಳಗ್ಗೆ ಸರಿಯಾಗಿ ಬಂದ ಸಂಖ್ಯೆ ಸಂಜೆ ಹೊತ್ತಿಗೆ ಜಾರತೊಡಗಿತು. ಮೊದಲು ಅಮೈನೋ ಆಮ್ಲಗಳನ್ನು ಶುದ್ಧ ಮಾಡುವ ರೆಸಿನ್ ಮೇಲೆ ಅನುಮಾನಪಟ್ಟೆವು, ಆಮೇಲೆ ಪಿಪೆಟ್ ಹಿಡಿದವರ ಮೇಲೆ. ಸ್ವಲ್ಪ ಮುನಿಸೂ ಆಯಿತು. ಕೊಳವೆ ಬದಲಿಸಿದ ಮರುದಿನ ಎಲ್ಲ ಸರಿಹೋಯಿತು, ಪಿಪೆಟ್ ಹಿಡಿದವರಲ್ಲಿ ಕ್ಷಮೆ ಕೇಳಿದ್ದೂ ಆಯಿತು.

ಹಾಗಾದರೆ ಹಳೇ ರಿಪೋರ್ಟ್ ತಪ್ಪಾ? ಅಲ್ಲ. ಸ್ಟ್ಯಾಂಡರ್ಡ್ ಜಾರಿದ ರನ್‌ಗಳನ್ನು ಬಿಸಾಕಿ ಮತ್ತೆ ಅಳೆದೇ ಕೊಟ್ಟಿದ್ದೇವೆ. ಕೆಲವರಿಗೆ ರಿಪೋರ್ಟ್ ತಡವಾಗಿದ್ದು ಇದಕ್ಕೇ, ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಆದರೆ ಹಳೇ ಸಂಖ್ಯೆ, ಹೊಸ ಸಂಖ್ಯೆ ಎರಡನ್ನೂ ನೇರವಾಗಿ ಒಂದೇ ಗ್ರಾಫ್‌ನಲ್ಲಿ ಸೇರಿಸಬೇಡಿ. ಟೋಪಿಯಲ್ಲಿ ಸಾರಜನಕವೇ ಇಲ್ಲ, ಆದ್ದರಿಂದ ಇಂಗಾಲಕ್ಕೆ ಮಾಡುವಂಥ ತಿದ್ದುಪಡಿ ಇಲ್ಲಿ ಬೇಕಿಲ್ಲ, ನಿಜ. ಆದರೂ ಟೋಪಿ ಹಾಕುವ ಕ್ರಿಯೆ ಪೂರ್ತಿಯಾಗದಿದ್ದರೆ ಹಗುರ ಸಾರಜನಕ, ಭಾರ ಸಾರಜನಕ ಒಂದೇ ಸಮ ಮುಂದೆ ಹೋಗುವುದಿಲ್ಲ. ಎರಡು ಪೀಕ್ (ಒಂದೊಂದು ಅಮೈನೋ ಆಮ್ಲ ಹೊರಬಂದಾಗ ಗ್ರಾಫ್‌ನಲ್ಲಿ ಏಳುವ ಶಿಖರ) ಒಂದರ ಮೇಲೊಂದು ಬಿದ್ದರೂ ಅಷ್ಟೇ, ಸಂಖ್ಯೆ ಕೆಡುತ್ತದೆ. ಹೊಸ ವಿಧಾನದಲ್ಲಿ ಪೀಕ್‌ಗಳು ಬರುವ ಸಾಲೇ ಬೇರೆ. ಪ್ರಯೋಗದ ಮಧ್ಯದಲ್ಲಿರುವವರ ಹೈಡ್ರೊಲೈಸೇಟ್ (ಮಣ್ಣನ್ನು ಆಮ್ಲದಲ್ಲಿ ಕಾಯಿಸಿ ತೆಗೆದ ದ್ರಾವಣ) ನಮ್ಮ ಫ್ರೀಜರ್‌ನಲ್ಲಿ ಇದ್ದರೆ ಹೊಸ ವಿಧಾನದಲ್ಲಿ ಮತ್ತೆ ಅಳೆದು ಕೊಡುತ್ತೇವೆ. ಅದಕ್ಕೆ ಬಿಲ್ ಹಾಕುವುದಿಲ್ಲ.

ಮಣ್ಣಿನ ಪ್ರೊಟೀನನ್ನು ಅಮೈನೋ ಆಮ್ಲಗಳಾಗಿ ಒಡೆಯುವ ಮೊದಲ ಹಂತ ಹಾಗೇ ಇದೆ: 6 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ, 110 ಡಿಗ್ರಿ, ರಾತ್ರಿಯಿಡೀ. ಗ್ಲುಟಮೈನ್ ಎಲ್ಲಿ ಅಂತ ಕೇಳುವವರಿಗೆ ಅದೇ ಉತ್ತರ, ಅದು ಆಮ್ಲದಲ್ಲಿ ಗ್ಲುಟಾಮಿಕ್ ಆಮ್ಲವಾಗಿ ಅದರ ಲೆಕ್ಕಕ್ಕೇ ಸೇರಿರುತ್ತದೆ. ಟ್ರಿಪ್ಟೊಫಾನ್ ಉಳಿಯುವುದೇ ಇಲ್ಲ.

ನಿಮ್ಮಿಂದ ಒಂದು ಸಹಾಯ ಬೇಕು. ಸಾರಜನಕದ ಪೀಕ್ ಯಾವಾಗಲೂ ಬಡವೇ. ಒಂದು ಸಾರಜನಕ ಅಣು ಆಗಲು ಎರಡು ಪರಮಾಣು ಬೇಕು, ಬಹಳಷ್ಟು ಅಮೈನೋ ಆಮ್ಲಗಳಲ್ಲಿ ಇರುವುದು ಒಂದೇ. ಹಾಗಾಗಿ ಚಮಚದಷ್ಟು ಮಣ್ಣು ಕಳಿಸಿ ಹನ್ನೆರಡು ಅಮೈನೋ ಆಮ್ಲ ಕೇಳಬೇಡಿ. ಮಣ್ಣನ್ನು ಬಿಸಿಲಿಗೆ ಹರವಬೇಡಿ, ಜರಡಿ ಹಿಡಿದ ಕೂಡಲೇ ಫ್ರೀಜ್ ಮಾಡಿ. ಇಲ್ಲದಿದ್ದರೆ ಸೂಕ್ಷ್ಮಜೀವಿಗಳು ದಾರಿಯುದ್ದಕ್ಕೂ ತಿನ್ನುತ್ತಲೇ ಇರುತ್ತವೆ, ನಾವು ಅವುಗಳ ಊಟವನ್ನು ಅಳೆದು ಕೊಟ್ಟ ಹಾಗಾಗುತ್ತದೆ.

ಇನ್ನೊಂದು, ಇದು ಸಹಾಯವಲ್ಲ, ಕಡ್ಡಾಯ. ಹೊಲಕ್ಕೋ ಕುಂಡಕ್ಕೋ 15ಎನ್ ಲೇಬಲ್ ಇರುವ (ಭಾರ ಸಾರಜನಕವನ್ನು ಬೇಕೆಂದೇ ಹೆಚ್ಚು ಸೇರಿಸಿದ) ಗೊಬ್ಬರ ಹಾಕಿದ್ದರೆ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಗಾಳಿಯ ಸಾರಜನಕದಲ್ಲಿ ಭಾರದ ಪರಮಾಣು ನೂರಕ್ಕೆ 0.366 ಮಾತ್ರ. ಲೇಬಲ್ ಮಾಡಿದ ಒಂದು ಸ್ಯಾಂಪಲ್ ಸುಮ್ನೆ ನಡುವೆ ನುಗ್ಗಿದರೆ ಅದರ ಹಿಂದೆ ನಿಂತವರ ಸಂಖ್ಯೆಗಳೂ ಕೆಡುತ್ತವೆ.

ಮರು ಅಳತೆ ಬೇಕಾದವರು ಹಳೇ ರಿಪೋರ್ಟಿನ ಸ್ಯಾಂಪಲ್ ನಂಬರ್ ಬರೆದು ಕಳಿಸಿ. ಫ್ರೀಜರ್‌ನಲ್ಲಿ ಜಾಗ ಕಡಿಮೆ, ಈ ತಿಂಗಳೊಳಗೆ ಹೇಳಿದರೆ ಒಳ್ಳೆಯದು.

ಇಂತಿ,
ಐಸೊಟೋಪ್ ಲ್ಯಾಬ್‌ನ ಎಲ್ಲರೂ