ಎತ್ತರ ಬಿಡು, ಎದೆಸುತ್ತು ಅಳೆ: ಕುದುರೆ ಕೊಳ್ಳುವ ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ನೀನು ಕಳಿಸಿದ ಮೂರೂ ಕುದುರೆಗಳ ಫೋಟೋ, ವಿಡಿಯೋ ನೋಡಿದೆ. ಮಾರುವವರು ಮೂರಕ್ಕೂ ಮೊದಲು ಹೇಳಿರೋದು ಎತ್ತರವನ್ನೇ: ‘64 ಇಂಚಿನ ಮಾರ್ವಾಡಿ’, ‘16 ಹ್ಯಾಂಡ್ಸ್ ರೇಸ್ ಕುದುರೆ’, ‘59 ಇಂಚಿನ ಕಾಠಿಯಾವಾಡಿ ಹೆಣ್ಣು’. (ಮಾರ್ವಾಡಿ ರಾಜಸ್ಥಾನದ ತಳಿ, ಕಾಠಿಯಾವಾಡಿ ಗುಜರಾತಿನದು.) ಮೊದಲ ಎರಡೂ ಒಂದೇ ಎತ್ತರ ಅನ್ನೋದು ನಿನಗೆ ಹೊಳೀತೋ ಇಲ್ಲವೋ. ಒಂದು ಹ್ಯಾಂಡ್ ಅಂದರೆ 4 ಇಂಚು, ಹದಿನಾರು ನಾಲ್ಕಲಿ ಅರವತ್ತನಾಲ್ಕು. ಇನ್ನು 14.2 ಅಂತ ಬರೆದಿದ್ದರೆ ಅದನ್ನು ದಶಮಾಂಶ ಅಂದುಕೊಳ್ಳಬೇಡ. 14 ಹ್ಯಾಂಡ್ಸ್ ಮೇಲೆ 2 ಇಂಚು, ಒಟ್ಟು 58 ಇಂಚು ಅಂತ ಅರ್ಥ. 14.3 ಆದ ಮೇಲೆ ಬರೋದು ನೇರ 15.

ಎತ್ತರ ಅಳೆಯೋದು ತಲೆಯವರೆಗಲ್ಲ. ಜೂಲು ಮುಗಿದು ಬೆನ್ನು ಶುರುವಾಗುವ ಕಡೆ ಮೂಳೆ ಉಬ್ಬಿರುತ್ತಲ್ಲ, ವಿದರ್ಸ್ ಅಂತಾರೆ, ಅಲ್ಲಿಯವರೆಗೆ. ಸಂತೆಯಲ್ಲಿ ಟೇಪನ್ನು ಗೊರಸಿನಿಂದ ಭುಜದ ಉಬ್ಬಿನ ಮೇಲೆ ಹಾಯಿಸಿ ಎಳೀತಾರೆ. ಮೈಯ ಬಾಗು ಸೇರಿ ಅಷ್ಟಕ್ಕೇ ಒಂದೆರಡು ಇಂಚು ಹೆಚ್ಚಿಗೆ ಬರುತ್ತೆ. ಕೆತ್ತದೆ ಬೆಳೆಸಿದ ಗೊರಸು, ಲಾಳ ಎಲ್ಲ ಅದರ ಜೊತೆಗೆ. ಆ ಮಾರ್ವಾಡಿಯ ಫೋಟೋದಲ್ಲಿ ಮುಂಗಾಲು ದಿಬ್ಬದ ಮೇಲಿದೆ, ಹಿಂಗಾಲು ತಗ್ಗಿನಲ್ಲಿದೆ, ಗಮನಿಸು. ಸಿಮೆಂಟು ನೆಲದ ಮೇಲೆ ನಿಲ್ಲಿಸು. ಮುಂಗಾಲೆರಡೂ ನೆಟ್ಟಗಿರಲಿ, ತಲೆ ಸಹಜವಾಗಿರಲಿ. ಪಕ್ಕದಲ್ಲಿ ಒಂದು ನೇರ ಕೋಲು ನಿಲ್ಲಿಸಿ, ವಿದರ್ಸ್ ಮೇಲಿಂದ ಅಡ್ಡಪಟ್ಟಿ ಇಟ್ಟು, ಅದರ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡು. 64 ಇಂಚು 62ಕ್ಕೆ ಇಳಿದರೆ ಆಶ್ಚರ್ಯಪಡಬೇಡ.

ಆದರೆ ಎತ್ತರ ಸರಿಯಾಗಿ ಸಿಕ್ಕಿತು ಅಂತಲೇ ಇಟ್ಟುಕೋ, ಅದು ಎಷ್ಟು ಭಾರ ಹೊರುತ್ತೆ ಅನ್ನೋದು ಗೊತ್ತಾಗಲಿಲ್ಲ. ಅದಕ್ಕೆ ಬೇಕಾದ್ದು ತೂಕ. ನಿಮ್ಮ ಕಡೆ ಕುದುರೆ ತೂಗುವ ಕಾಟಾ ಎಲ್ಲಿಂದ ಬರಬೇಕು? ಟೇಪೇ ಸಾಕು. ಮುಂಗಾಲಿನ ಹಿಂದೆ, ವಿದರ್ಸ್‌ನ ಹಿಂಬದಿಯಿಂದ ಎದೆಯ ಸುತ್ತಳತೆ ತಗೋ. ಕುದುರೆ ಉಸಿರು ಬಿಟ್ಟಾಗ ಓದು. ಆಮೇಲೆ ಎದೆಯ ಮುಂಬದಿಯಲ್ಲಿ ಕೈಗೆ ಸಿಗುವ ಭುಜದ ಮೂಳೆಯ ತುದಿಯಿಂದ ಪಿರ್ರೆಯ ತುದಿಯವರೆಗೆ ಉದ್ದ. ಎರಡೂ ಸೆಂಟಿಮೀಟರಿನಲ್ಲಿ. ಎದೆಸುತ್ತನ್ನು ಎದೆಸುತ್ತಿನಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಬರುತ್ತೆ. ಇದು ಅಂದಾಜು, ಸ್ವಲ್ಪ ಆಚೀಚೆ ಆದರೂ ನಿನ್ನ ಕೆಲಸಕ್ಕೆ ನಡೆಯುತ್ತೆ. ದರ್ಜಿಯ ಟೇಪು 150 ಸೆಂಟಿಮೀಟರಿಗೆ ಮುಗಿದುಹೋಗುತ್ತೆ, ಎದೆಗೆ ಸಾಲದು. ಹಿಗ್ಗದ ದಾರ ಸುತ್ತಿ ಗಂಟು ಹಾಕಿ ಆಮೇಲೆ ಅಳೆ. ಸ್ಟೀಲ್ ಟೇಪ್ ಬೇಡ, ಅದರ ಸದ್ದಿಗೆ ಬೆದರುತ್ತವೆ.

ಒಳ್ಳೆ ಮೈಕಟ್ಟಿನ, ಪಳಗಿದ ಕುದುರೆ ತನ್ನ ತೂಕದ ಶೇ. 20ರಷ್ಟನ್ನು ಹೊರಬಹುದು ಅನ್ನೋದು ರೂಢಿಯ ಲೆಕ್ಕ. ಅಮೆರಿಕದ ಓಹಾಯೋದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕುದುರೆಗಳ ಮೇಲೆ ಶೇ. 15, 20, 25, 30ರಷ್ಟು ಭಾರ ಹೇರಿ ನೋಡಿದ್ದರು. 25, 30ರಷ್ಟು ಹೇರಿದಾಗ ಬೆನ್ನಿನ ಸ್ನಾಯುಗಳ ನೋವು, ಬಿಗಿತ ಎದ್ದು ಕಂಡವು. ಸೊಂಟ ಅಗಲವಿದ್ದ ಕುದುರೆಗಳಿಗೆ ತೊಂದರೆ ಕಡಿಮೆ. ನಮ್ಮ ಬಿಸಿಲು, ಏರುಪೇರಿನ ದಾರಿ, ಹೊಸ ಸವಾರ ಇವೆಲ್ಲ ಸೇರಿದರೆ 20ಕ್ಕಿಂತ ಕೆಳಗೇ ಇರೋದು ಲೇಸು. ಹೊಸಬ ಕುಕ್ಕುಲೋಟದಲ್ಲಿ ಮೂಟೆಯ ಹಾಗೆ ಬೆನ್ನ ಮೇಲೆ ಕುಕ್ಕುತ್ತಾನೆ. ಅದೇ ತೂಕದ ನುರಿತ ಸವಾರನಿಗಿಂತ ಅವನು ಭಾರ.

ನಿನ್ನ ಲೆಕ್ಕ ಹಾಕೋಣ. ಮೈ 78 ಕಿಲೋ, ಜೀನು ರಿಕಾಪು ಸೇರಿ 8, ಬೂಟು ಹೆಲ್ಮೆಟ್ಟು ಬಟ್ಟೆ 3. ಒಟ್ಟು 89. ಐದರಿಂದ ಗುಣಿಸು: 445 ಕಿಲೋ ತೂಗುವ ಕುದುರೆ ಬೇಕು. ನೀನೇ ಅಳೆದು ಕಳಿಸಿದ ಕಾಠಿಯಾವಾಡಿಯ ಎದೆಸುತ್ತು 172, ಉದ್ದ 150, ಅಂದರೆ ಸುಮಾರು 373 ಕಿಲೋ. ಅದಕ್ಕೆ 74 ಕಿಲೋ ಮಿತಿ. ನೀನು ಬರಿಮೈಲಿ ಹತ್ತಿದರೂ ಹೆಚ್ಚು. ರೇಸ್ ಕುದುರೆಯದು 182, 163, ಸುಮಾರು 454 ಕಿಲೋ. ಲೆಕ್ಕಕ್ಕೆ ಸರಿಹೋಗುತ್ತೆ. ಮಾರ್ವಾಡಿಯ ಅಳತೆ ನೀನು ಕಳಿಸಿಲ್ಲ, ಆದರೆ ವಿಡಿಯೋದಲ್ಲಿ ಎದೆ ಕಿರಿದು, ಕಾಲು ಉದ್ದ. ಎತ್ತರವೆಲ್ಲ ಕಾಲಿನಲ್ಲೇ ಹೋಗಿದೆ.

ಇಲ್ಲೊಂದು ಮೋಸ ಇದೆ. ಕೊಬ್ಬಿದ ಕುದುರೆ ಟೇಪಿನಲ್ಲಿ ಹೆಚ್ಚು ತೂಗುತ್ತೆ, ಆ ಕೊಬ್ಬು ನಿನ್ನನ್ನು ಹೊರಲ್ಲ. ಅದೂ ಕುದುರೆ ಹೊರುವ ಹೊರೆಯೇ. ಪಕ್ಕೆ ಮೇಲೆ ಅಂಗೈ ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಒತ್ತಿದರೂ ಸಿಗದಿದ್ದರೆ ಲೆಕ್ಕದಲ್ಲಿ ಬಂದ ತೂಕದಿಂದ ಒಂದಷ್ಟು ಕಳೆ.

ಮೂಳೆಯನ್ನೂ ನೋಡು. ಮುಂಗಾಲಿನ ಮಂಡಿಯ ಕೆಳಗೆ, ಕಾಲು ತೀರ ಸಣ್ಣಗಿರುವ ಕಡೆ ದಾರ ಸುತ್ತು. 450 ಕಿಲೋ ಕುದುರೆಗೆ ಸುಮಾರು 18 ಸೆಂಟಿಮೀಟರ್ ಇದ್ದರೆ ಒಳ್ಳೆಯದು. ದಪ್ಪ ಮೈ, ಕಡ್ಡಿ ಕಾಲು ಇದ್ದರೆ ಸವಾರಿ ಹೆಚ್ಚಾದಂತೆ ಮೊದಲು ಸೋಲೋದು ಕಾಲು. ಹಾಗೇ ಕೊನೆಯ ಪಕ್ಕೆಲುಬಿನಿಂದ ಸೊಂಟದ ಮೂಳೆವರೆಗಿನ ಜಾಗ ಗಿಡ್ಡವಾಗಿ, ಅಗಲವಾಗಿ, ಗಟ್ಟಿಯಾಗಿರಬೇಕು. ಅಲ್ಲಿ ಪಕ್ಕೆಲುಬಿನ ಆಸರೆ ಇರೋದಿಲ್ಲ. ಬೆನ್ನು ತೀರ ಉದ್ದವಾದರೆ ಅಲ್ಲೇ ಬಾಗುತ್ತೆ.

ಐದಡಿ ಹತ್ತಿಂಚಿನವನು ಗಿಡ್ಡ ಕುದುರೆ ಹತ್ತಿದರೆ ಊರವರು ನಗ್ತಾರೆ ಅಂತ ನೀನು ಬರೆದಿದ್ದೆ. ನಗಲಿ ಬಿಡು. ನೋಡಬೇಕಾದ್ದು ನಿನ್ನ ಕಾಲು ಎಲ್ಲಿ ಕೂರುತ್ತೆ ಅನ್ನೋದನ್ನ. ರಿಕಾಪಿನಲ್ಲಿ ಕಾಲಿಟ್ಟಾಗ ಮೀನಖಂಡ ಕುದುರೆಯ ಹೊಟ್ಟೆಗೆ ಅಂಟಿಕೊಂಡಿರಬೇಕು. ಪಾದ ಹೊಟ್ಟೆಯ ಗೆರೆಗಿಂತ ತುಂಬ ಕೆಳಗೆ ಜೋತಾಡಿದರೆ ಕಾಲಿನ ಸನ್ನೆ ಅದಕ್ಕೆ ತಲುಪಲ್ಲ. ಹೊಟ್ಟೆ ದುಂಡಗಿದ್ದರೆ ಉದ್ದ ಕಾಲನ್ನು ಅದೇ ನುಂಗಿಕೊಳ್ಳುತ್ತೆ. ಹಾಗಾಗಿ 60 ಇಂಚಿನ ಗುಂಡುಗುಂಡಾದ ಕುದುರೆ ನಿನಗೆ ಒಪ್ಪುತ್ತೆ, 64 ಇಂಚಿನ ಚಪ್ಪಟೆ ಪಕ್ಕೆಯದು ಒಪ್ಪದೆ ಹೋಗಬಹುದು.

ನಿಮ್ಮ ಪುಟ್ಟಿಯೂ ಅದೇ ಕುದುರೆ ಹತ್ತಬೇಕು ಅಂದೆಯಲ್ಲ, ತೊಡಕು ಅಲ್ಲಿದೆ. ಹನ್ನೆರಡರ ಹುಡುಗಿಗೆ 16 ಹ್ಯಾಂಡ್ಸ್ ಕುದುರೆಯ ಬೆನ್ನಿಗೆ ಜೀನು ಎತ್ತಿ ಹಾಕೋಕೆ ಆಗಲ್ಲ. ಅದು ತಲೆ ಎತ್ತಿದರೆ ಲಗಾಮು ಹಾಕೋಕೆ ಕೈ ಎಟುಕಲ್ಲ. ಗಿಡ್ಡ ಕಾಲು ಜೀನಿನ ಪಕ್ಕದ ಚರ್ಮದ ಮೇಲೇ ನಿಂತುಬಿಡುತ್ತೆ, ಕುದುರೆಯ ಮೈಗೆ ತಾಗೋದೇ ಇಲ್ಲ. ಹಾಗಂತ ಸಣ್ಣ ತಟ್ಟು ತಂದರೆ ಎರಡು ವರ್ಷದಲ್ಲಿ ಅವಳು ಅದನ್ನು ಮೀರಿ ಬೆಳೀತಾಳೆ. ನಿಮ್ಮಿಬ್ಬರಿಗೂ ಆಗೋದು 60ರಿಂದ 62 ಇಂಚು, ಎದೆಸುತ್ತು 180ರ ಆಸುಪಾಸು. ಯಾರೇ ಹತ್ತಲಿ, ಎರಡಡಿ ಎತ್ತರದ ಕಟ್ಟೆ ಒಂದು ಕಟ್ಟಿಸು. ನೆಲದಿಂದ ಹತ್ತಿದರೆ ಜೀನು ಒಂದು ಕಡೆ ಜಗ್ಗಿ ವಿದರ್ಸ್ ಮೇಲೆ ಭಾರ ಬೀಳುತ್ತೆ.

‘ಇನ್ನೂ ಎರಡು ವರ್ಷದ್ದು, ಬೆಳೆಯುತ್ತೆ ಸಾರ್’ ಅಂದರೆ ಬಾಯಿ ತೆಗೆಸಿ ನೋಡು. ಮುಂದಿನ ಹಲ್ಲುಗಳಲ್ಲಿ ನಡುವಿನ ಜೋಡಿ ಬದಲಾಗೋದು ಎರಡೂವರೆಗೆ, ಪಕ್ಕದ್ದು ಮೂರೂವರೆಗೆ, ಅಂಚಿನದು ನಾಲ್ಕೂವರೆಗೆ. ಒಂದು ವರ್ಷಕ್ಕೇ ಕುದುರೆ ತನ್ನ ಪೂರ್ತಿ ಎತ್ತರದ ಹತ್ತಿರಹತ್ತಿರ ಶೇ. 90 ಮುಟ್ಟಿರುತ್ತೆ. ಆಮೇಲೆ ತುಂಬಿಕೊಳ್ಳೋದು ಎದೆ, ಮೂಳೆ. ಬೆನ್ನುಮೂಳೆ ಬಲಿಯೋಕೆ ಐದಾರು ವರ್ಷ ಬೇಕು. ಮೊದಲ ಕುದುರೆ ಏಳರಿಂದ ಹದಿನಾಲ್ಕು ವರ್ಷದ್ದಿರಲಿ, ಬೀಜದ ಕುದುರೆ, ಅಂದರೆ ಬೀಜ ಒಡೆಸದ ಗಂಡು, ಬೇಡವೇ ಬೇಡ.

ದೊಡ್ಡದು ತಂದರೆ ಎಲ್ಲವೂ ದೊಡ್ಡದೇ. ತೂಕದ ಶೇ. 2ರಂತೆ 450 ಕಿಲೋ ಕುದುರೆಗೆ ದಿನಕ್ಕೆ 9 ಕಿಲೋ ಒಣ ಮೇವು ಬೇಕು, ಅದರಲ್ಲಿ ಬಹುಪಾಲು ಹುಲ್ಲೇ ಇರಬೇಕು. ಹುರುಳಿ ಹೆಚ್ಚಿಸಿ ಹುಲ್ಲು ಕಡಿಮೆ ಮಾಡಿದರೆ ಹೊಟ್ಟೆನೋವು ಗ್ಯಾರಂಟಿ. ಲಾಯ 12ಕ್ಕೆ 12 ಅಡಿ, ಬಾಗಿಲು 4 ಅಡಿ ಅಗಲ. ನಿನ್ನ ಹಳೇ ದನದ ಕೊಟ್ಟಿಗೆಯ ಸೂರು ಈ ರೇಸ್ ಕುದುರೆಗೆ ತಲೆಗೆ ತಾಗುತ್ತೆ.

ಒಟ್ಟಿನಲ್ಲಿ ಮಾರ್ವಾಡಿ ಬಿಡು. ರೇಸ್ ಕುದುರೆ ತೂಕಕ್ಕೆ ಸರಿ, ಆದರೆ ಓಡೋದಷ್ಟೇ ಕಲಿತದ್ದು, ಹೊಸದಾಗಿ ಪಳಗಿಸೋಕೆ ತಿಂಗಳುಗಟ್ಟಲೆ ಬೇಕು, ಹಳೇ ಕಾಲುನೋವು ಬೇರೆ ಇರಬಹುದು. ಕಾಠಿಯಾವಾಡಿ ಪುಟ್ಟಿಗೊಬ್ಬಳಿಗೇ ಆದರೆ ಚೆನ್ನ: 38 ಕಿಲೋ ಹುಡುಗಿ, ಜೀನು ಎಲ್ಲ ಸೇರಿ 48 ಆಗುತ್ತೆ, ಅವಳು ಬೆಳೆದರೂ ಜಾಗ ಇದೆ. ಇಬ್ಬರಿಗೂ ಒಂದೇ ಬೇಕು ಅಂದರೆ ತಮಿಳರ ಆಡಿ ತಿಂಗಳಲ್ಲಿ, ಅಂದರೆ ಹೆಚ್ಚಾಗಿ ಆಗಸ್ಟ್ ಹೊತ್ತಿಗೆ, ತಮಿಳುನಾಡಿನ ಈರೋಡು ಜಿಲ್ಲೆಯ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಹೋಗು, ಒಂದೇ ಕಡೆ ಹತ್ತಾರು ಕುದುರೆಗೆ ದಾರ ಸುತ್ತಿ ನೋಡಬಹುದು. ಯಾವುದನ್ನೇ ಒಪ್ಪಿದರೂ ಮೊದಲು ಮಾರುವವನನ್ನೇ ಹತ್ತಿಸಿ ನಡೆಸು, ಆಮೇಲೆ ನೀನು ಹತ್ತು, ಇಳಿದ ಮೇಲೆ ಸೊಂಟದ ಮೇಲೆ ಬೆರಳು ಒತ್ತು. ಬೆನ್ನು ಕುಗ್ಗಿಸಿ ಕಿವಿ ಹಿಂದಕ್ಕೆ ಹಾಕಿದರೆ ಮುಂಗಡ ಕೊಡಬೇಡ. ಲಾರಿ ಹತ್ತಿಸುವ ಮುಂಚೆ ಗ್ಲಾಂಡರ್ಸ್ (ಮನುಷ್ಯರಿಗೂ ಅಂಟುವ ಕುದುರೆಗಳ ಮಾರಕ ರೋಗ) ರಕ್ತಪರೀಕ್ಷೆಯ ಚೀಟಿ ಕೈಯಲ್ಲಿರಲಿ.

ಮಾರ್ವಾಡಿಯದು ಇನ್ನೂ ಮನಸ್ಸಿನಲ್ಲಿದ್ದರೆ ಎದೆಸುತ್ತು, ಉದ್ದ, ಕಾಲಿನ ಸುತ್ತು ಮೂರೂ ಅಳೆದು ಕಳಿಸು, ನೋಡಿ ಹೇಳ್ತೀನಿ.

ನಿನ್ನ,
ಶ್ರೀಧರ